ಮುಂದಿನ ಗಾಲಿ ಎತ್ತುವ ವಿದ್ಯೆ: ಅಭ್ಯಾಸ ಮತ್ತು ಪ್ರದರ್ಶನ

ಮೋಟಾರ್ ಸೈಕಲ್ಲಿನ ಮುಂದಿನ ಗಾಲಿಯನ್ನು ಗಾಳಿಗೆ ಎತ್ತಿ, ಹಿಂದಿನ ಒಂದೇ ಗಾಲಿಯ ಮೇಲೆ ಗಾಡಿ ಓಡಿಸುವುದಕ್ಕೆ ನಮ್ಮ ಹುಡುಗರು ‘ವೀಲಿಂಗ್’ ಎನ್ನುತ್ತಾರೆ. ಸಾಹಿತ್ಯ ವಾರ್ಷಿಕವೊಂದರ ವಿಮರ್ಶೆಯ ಪುಟಗಳಲ್ಲಿ ಇದಕ್ಕೇನು ಕೆಲಸ ಎಂದು ವಾಚಕರು ಕೇಳಬಹುದು. ಒಂದು ವಿದ್ಯೆ, ಅದನ್ನು ಕಲಿಯುವವನು, ಅದನ್ನು ನೋಡುವವನು ಈ ಮೂವರೂ ಎಲ್ಲಿದ್ದಾರೋ ಅಲ್ಲಿ ವಿಮರ್ಶೆಗೆ ಕೆಲಸವಿದೆ ಎಂಬುದು ನನ್ನ ನಂಬಿಕೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ ಬೀದರ ಜಿಲ್ಲೆಯಲ್ಲಿದ್ದ ನಮ್ಮ ನ್ಯಾಲ್ಕಲ್, ಜಹೀರಾಬಾದ್, ನಾರಾಯಣಖೇಡದ ಸೀಮೆ ಆಂಧ್ರಕ್ಕೆ ಸೇರಿತು. ಗಡಿಯ ಆ ತುದಿಯಲ್ಲಿರುವ ನಿಮಗೆ ಈ ತುದಿಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಿದ್ಯೆಯ ಸ್ವರೂಪ. ಇದರಲ್ಲಿ ಬಲದ ಪಾಲು ಕಡಿಮೆ, ತೂಕದ ಲೆಕ್ಕದ ಪಾಲು ಹೆಚ್ಚು. ಎಕ್ಸಲರೇಟರ್ ತಿರುವಿ ಕ್ಲಚ್ಚನ್ನು ತಟ್ಟನೆ ಬಿಟ್ಟರೆ ಹಿಂದಿನ ಗಾಲಿ ಮುನ್ನುಗ್ಗುತ್ತದೆ, ಮುಂದಿನದು ಮೇಲೇಳುತ್ತದೆ. ಅದು ಏಳುತ್ತಾ ಹೋದಂತೆ ಗಾಡಿ ಮತ್ತು ಸವಾರ ಇಬ್ಬರ ಒಟ್ಟು ತೂಕದ ಕೇಂದ್ರವು ಹಿಂದಿನ ಗಾಲಿ ನೆಲ ಮುಟ್ಟುವ ಜಾಗಕ್ಕೆ ನೇರ ಮೇಲೆ ಬರುವ ಒಂದು ಹಂತವಿದೆ. ಅದಕ್ಕಿಂತ ಕೆಳಗಿದ್ದರೆ ಗಾಡಿ ಮುಂದಕ್ಕೆ ಬೀಳುತ್ತದೆ, ದಾಟಿದರೆ ಸವಾರ ಬೆನ್ನ ಮೇಲೆ ಬೀಳುತ್ತಾನೆ. ಆ ಹಂತದಲ್ಲಿ ಮಾತ್ರ ಗಾಡಿಗೆ ತೂಕವೇ ಇಲ್ಲದಂತೆ ಅನ್ನಿಸುತ್ತದಂತೆ. ಅಲ್ಲಿ ಸವಾರನನ್ನು ಕಾಯುವುದು ಬಲಗಾಲಿನ ಕೆಳಗಿನ ಹಿಂದಿನ ಬ್ರೇಕು. ಅದನ್ನು ಮೆಲ್ಲಗೆ ಒತ್ತಿದರೆ ಎತ್ತಿದ ಗಾಲಿ ಕೆಳಗಿಳಿಯುತ್ತದೆ.

ಇದನ್ನು ನಾನು ಪುಸ್ತಕದಿಂದ ತಿಳಿದದ್ದಲ್ಲ. ನನ್ನ ಅಕ್ಕನ ಮಗ ತೊಗರಿ ಕೊಯ್ದು ಬರಿದಾದ ಹೊಲದ ಅಂಚಿನ ಬಯಲಿನಲ್ಲಿ, ಎರಡು ವರ್ಷ, ಸಂಜೆ ಸಂಜೆ ಕಲಿತದ್ದನ್ನು ಬದುವಿನ ಮೇಲೆ ಕುಳಿತು ನೋಡಿದವನು ನಾನು. ಗಾಡಿಯೂ ನನ್ನದೇ, ಹಳೆಯ ಯಮಹಾ ಆರ್‌ಎಕ್ಸ್ 100. 1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾದ, 98 ಸಿಸಿಯ, ಎರಡು ಸ್ಟ್ರೋಕಿನ ಆ ಹಗುರ ಗಾಡಿಯ ಮೋಹ ಏನೆಂದು ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ಮೊದಲ ತಿಂಗಳು ಅವನು ಗಾಲಿಯನ್ನು ಒಂದು ಗೇಣಿಗಿಂತ ಹೆಚ್ಚು ಎತ್ತಲಿಲ್ಲ. ಎತ್ತುವುದು, ಬ್ರೇಕ್ ಒತ್ತಿ ಇಳಿಸುವುದು, ಮತ್ತೆ ಎತ್ತುವುದು.

“ಇಷ್ಟೇ ಏನೋ?” ಎಂದು ಕೇಳಿದೆ.

“ಎತ್ತೂದು ಯಾರಿಗ್ಯಾದ್ರೂ ಬರ್ತದ್ರಿ ಮಾಮಾ. ಇಳಿಸೂದು ಕಾಲಿಗೆ ಗೊತ್ತಾಗಬೇಕು. ತಲಿಗೆ ಗೊತ್ತಾದ್ರ ಉಪಯೋಗಿಲ್ಲ” ಎಂದ.

ಅಭ್ಯಾಸದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಕೇಳಿಲ್ಲ. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರನ್ನು ಕಾರಣವಾಗಿ ಹೇಳುತ್ತಾನೆ. ಶಕ್ತಿಯ ಬಗ್ಗೆ, ಅಂದರೆ ಪ್ರತಿಭೆಯ ಬಗ್ಗೆ, ನಮ್ಮ ವಿಮರ್ಶಕರು ಬರೆದಷ್ಟು ಅಭ್ಯಾಸದ ಬಗ್ಗೆ ಬರೆದಿಲ್ಲ. ಅಭ್ಯಾಸವನ್ನು ಮುಂದೆ ಬರುವ ಫಲಕ್ಕಾಗಿ ಮಾಡುವ ದುಡಿಮೆ ಎಂದೇ ತಿಳಿಯುತ್ತೇವೆ. ಆ ಬಯಲಿನಲ್ಲಿ ನಾನು ಕಂಡದ್ದು ಬೇರೆ. ಅವನ ಮುಖದಲ್ಲಿ ಸಂತೋಷ ಅರಳುತ್ತಿದ್ದದ್ದು ಗಾಲಿ ಎತ್ತರಕ್ಕೆ ಹೋದಾಗಲ್ಲ. ಹತ್ತು ಸಲ ತಪ್ಪಿದ ಮೇಲೆ ಹನ್ನೊಂದನೆಯ ಸಲ ಕಾಲು ತಾನಾಗಿಯೇ ಬ್ರೇಕನ್ನು ಹುಡುಕಿಕೊಂಡಾಗ. ಆ ಅರ್ಧ ಕ್ಷಣದ ಸಂತೋಷಕ್ಕೆ ಚಪ್ಪಾಳೆ ಬೇಕಾಗಿರಲಿಲ್ಲ. ಅಲ್ಲಿ ಇದ್ದವರು ಅವನು, ನಾನು, ಒಂದೆರಡು ಎಮ್ಮೆ.

ನಮ್ಮ ಸೀಮೆಯವರಿಗೆ ಇಂಥದೇ ಇನ್ನೊಂದು ನೋಟವಿದೆ. 1996ರಲ್ಲಿ ಆರಂಭವಾದ ವಾಯುಪಡೆಯ ‘ಸೂರ್ಯಕಿರಣ’ ತಂಡದ ನೆಲೆ ಬೀದರ. 9 ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರುವುದನ್ನು ದೊಡ್ಡ ಊರಿನವರು ಹಬ್ಬದ ದಿನ, ಪ್ರದರ್ಶನದ ದಿನ ನೋಡುತ್ತಾರೆ. ಬೀದರದ ಸುತ್ತ ಹೊಲದಲ್ಲಿ ಕಳೆ ತೆಗೆಯುವವರು ನೋಡುವುದು ಅವರ ಅಭ್ಯಾಸವನ್ನು. ಆದರೆ ಅಭ್ಯಾಸವೆಂದರೆ ಅಪಾಯವಿಲ್ಲ ಎಂದು ಯಾರೂ ತಿಳಿಯಬಾರದು. 2009ರ ಜನವರಿಯಲ್ಲಿ ಬೀದರದ ಬಳಿ, 2019ರ ಫೆಬ್ರವರಿಯಲ್ಲಿ ಯಲಹಂಕದಲ್ಲಿ, ಆ ತಂಡದ ಪೈಲಟ್‌ಗಳು ಅಭ್ಯಾಸದಲ್ಲೇ ಪ್ರಾಣ ಕೊಟ್ಟಿದ್ದಾರೆ.

ಅಪಾಯದ ಕಲೆಗಳು ಹೊಸತೇನೂ ಅಲ್ಲ. ಹಿಂದಿನವರು ಅವುಗಳನ್ನು ನಿಷೇಧಿಸಲಿಲ್ಲ, ಅವಕ್ಕೆ ಒಂದು ಅಂಕಣ ಹಾಕಿಕೊಟ್ಟರು. ನಿಮ್ಮ ಕಡೆಯ ಕಳರಿಗೆ 42 ಅಡಿ ಉದ್ದ, 21 ಅಡಿ ಅಗಲವೆಂಬ ಅಳತೆಯಿದೆ, ಗುರುವಿದ್ದಾನೆ. ನಮ್ಮ ಕಡೆ ಗರಡಿಮನೆಗೆ ಕೆಂಪು ಮಣ್ಣಿನ ಹಾಸು, ಒಬ್ಬ ಉಸ್ತಾದ. ಯಕ್ಷಗಾನದ ಧಿಗಿಣವನ್ನೂ ಬೀದಿಯಲ್ಲಿ ಬರುವವರ ಮೈಮೇಲೆ ಹಾರಿ ಕಲಿಯುವುದಿಲ್ಲ. ವೀಲಿಂಗಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ಡಗ್ ಡೊಮೊಕಾಸ್ 1984ರಲ್ಲಿ ಸುಮಾರು 233 ಕಿಲೋಮೀಟರ್ ದೂರ ಒಂದೇ ಗಾಲಿಯ ಮೇಲೆ ಓಡಿಸಿದ್ದು ಟಲಡೇಗಾದ ಮುಚ್ಚಿದ ರೇಸ್ ಪಥದಲ್ಲಿ. 1991ರಲ್ಲಿ ಜಪಾನಿನ ಯಾಸುಯುಕಿ ಕುಡೊ 331 ಕಿಲೋಮೀಟರ್ ಓಡಿಸಿ ಅದನ್ನು ಮೀರಿದ್ದು ವಾಹನ ಪರೀಕ್ಷೆಯ ಪಥದಲ್ಲಿ. 2017ರ ನವೆಂಬರ್‌ನಲ್ಲಿ ಭೂಸೇನೆಯ ‘ಟಾರ್ನೆಡೋಸ್’ ತಂಡದ 58 ಮಂದಿ ಒಂದೇ 500 ಸಿಸಿಯ ಎನ್‌ಫೀಲ್ಡ್ ಮೇಲೆ 1,200 ಮೀಟರ್ ಸಾಗಿದ್ದು ಯಲಹಂಕದ ವಾಯುನೆಲೆಯ ಒಳಗೆ. ನೋಡಲು ಬಂದವರು ನೋಡಲೆಂದೇ ಬಂದವರು.

ನಮ್ಮ ಆಲಂಕಾರಿಕರು ‘ಸಹೃದಯ’ ಎಂದದ್ದು ಇಂಥವರನ್ನೇ. ತಾನಾಗಿ ಬಂದು, ಮನಸ್ಸು ಕೊಟ್ಟು ಕುಳಿತವನು ಸಹೃದಯ. ರಸ್ತೆಯಲ್ಲಿ ವೀಲಿಂಗ್ ಮಾಡುವವನು ಹಾಲು ತರಲು ಹೊರಟ ಮುದುಕಿಯನ್ನು, ಶಾಲೆಯಿಂದ ಬರುವ ಮಗುವನ್ನು ಒತ್ತಾಯದಿಂದ ಪ್ರೇಕ್ಷಕರನ್ನಾಗಿ ಮಾಡುತ್ತಾನೆ. ಅವರಿಗೆ ಅಲ್ಲಿ ಹುಟ್ಟುವುದು ಭಯ ಮಾತ್ರ, ಭಯಾನಕ ರಸವಲ್ಲ. ರಸ್ತೆಯ ವೀಲಿಂಗಿಗೆ ಕಾನೂನಿನ ಆಕ್ಷೇಪ ಇದ್ದೇ ಇದೆ. ಕಲೆಯ ಕಡೆಯಿಂದ ನನ್ನ ಆಕ್ಷೇಪ ಇದು.

ಇಲ್ಲಿ ಒಂದು ಮಲಯಾಳಂ ಚಿತ್ರವನ್ನು ನೆನೆಯಬೇಕು. ಅಂಜಲಿ ಮೆನನ್ ಅವರ ‘ಬ್ಯಾಂಗ್ಲೂರ್ ಡೇಸ್’ (2014) ಚಿತ್ರವನ್ನು ನಿಮ್ಮಲ್ಲಿ ನೋಡದವರು ಕಡಿಮೆ. ಅದರಲ್ಲಿ ಇಬ್ಬರು ಬೈಕ್ ರೇಸರ್‌ಗಳಿದ್ದಾರೆ. ದುಲ್ಕರ್ ಸಲ್ಮಾನ್ ಅವರ ಅರ್ಜುನ್ ಪಂದ್ಯದಿಂದ ನಿಷೇಧಕ್ಕೊಳಗಾದವನು. ಫಹಾದ್ ಫಾಸಿಲ್ ಅವರ ದಾಸ್, ಬೈಕ್ ಅಪಘಾತದಲ್ಲಿ ಪ್ರೀತಿಸಿದವಳನ್ನು ಕಳೆದುಕೊಂಡು ಮೌನಿಯಾದವನು. ಜೊತೆಗೆ ಪಾರ್ವತಿಯವರ ಸಾರಾ, ಗಾಲಿ ಕುರ್ಚಿಯಲ್ಲಿ ಓಡಾಡುವ ರೇಡಿಯೋ ನಿರೂಪಕಿ. ಓಟ, ಸಾವು, ಗಾಲಿ ಕುರ್ಚಿ ಮೂರನ್ನೂ ಒಂದೇ ಕಥೆಯೊಳಗೆ ತಂದ ಧೈರ್ಯ ದೊಡ್ಡದು. ಸಾರಾಳನ್ನು ಕನಿಕರದ ಗೊಂಬೆ ಮಾಡದಿರುವುದು ಅದಕ್ಕಿಂತ ದೊಡ್ಡದು. ಆದರೂ ಚಿತ್ರ ಮುಗಿದ ಮೇಲೆ ನನ್ನ ನೆನಪಿನಲ್ಲಿ ಉಳಿದದ್ದು ಪಂದ್ಯದ ದಿನ ಮತ್ತು ಜನರ ಕೂಗು. ಬಿದ್ದು ಎದ್ದು ಕಲಿತ ನೂರು ಸಂಜೆಗಳು ಉಳಿಯಲಿಲ್ಲ. ನಮ್ಮ ಸಿನಿಮಾದ ಹುಡುಗರು ಗಾಡಿಯನ್ನು ಕಲಿತೇ ಹುಟ್ಟಿರುತ್ತಾರೆ. ನೋಡಿದ ಹುಡುಗರು ಗೆಲುವನ್ನು ಮನೆಗೆ ಒಯ್ಯುತ್ತಾರೆ, ಅಭ್ಯಾಸ ತೆರೆಯ ಹಿಂದೆಯೇ ಉಳಿಯುತ್ತದೆ.

ಇಷ್ಟು ಹೇಳುವ ನಾನು ಎಂಥ ಪ್ರೇಕ್ಷಕನಾಗಿದ್ದೆ ಎಂಬುದನ್ನೂ ಹೇಳದಿದ್ದರೆ ಈ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ. 2018ರ ಬೇಸಿಗೆಯಲ್ಲಿ ನಮ್ಮ ಮನೆತನದ ಒಂದು ಮದುವೆ. ಮೆರವಣಿಗೆ ಊರ ಹೊರಗಿನ ರಸ್ತೆಗೆ ಬಂದಾಗ ಬೀಗರ ಮುಂದೆ ನನಗೆ ಜಂಬ ಬಂತು. ಅಳಿಯನನ್ನು ಕರೆದು, “ತಮ್ಮಾ, ಒಮ್ಮೆ ಎತ್ತಿ ತೋರ್ಸು” ಎಂದೆ.

“ಇಲ್ಲಿ ಬ್ಯಾಡ್ರಿ ಮಾಮಾ, ಮಂದಿ ಅದಾರ” ಎಂದ.

“ಒಂದೇ ಸಲ” ಎಂದವನು ನಾನೇ. ಹತ್ತಾರು ಮೊಬೈಲುಗಳು ಮೇಲೆದ್ದವು. ಬಯಲಿನಲ್ಲಿ ತಪ್ಪದೆ ಹಾಕುತ್ತಿದ್ದ ಹೆಲ್ಮೆಟ್ ಅಂದು ಇರಲಿಲ್ಲ. ಎತ್ತಿದ ಗಾಲಿ ಸವಾರನ ಮುಂದಿನ ನೋಟವನ್ನು ಮರೆಮಾಡುತ್ತದೆ. ಗಾಲಿ ನೆಲಕ್ಕೆ ತಾಗದಿದ್ದಾಗ ಹ್ಯಾಂಡಲ್ ತಿರುವಿ ಪ್ರಯೋಜನವಿಲ್ಲ. ಎದುರಿಗೆ ಒಂದು ಮಗು ಬಂತು. ಅವನ ಕಾಲು ಬ್ರೇಕನ್ನು ಮರೆಯಲಿಲ್ಲ, ಗಾಲಿ ಇಳಿಯಿತು, ಅವನು ಪಕ್ಕಕ್ಕೆ ಎಳೆದ. ಮಗುವಿಗೆ ಏನೂ ಆಗಲಿಲ್ಲ. ಅವನು ಸಿಡಿಯ ಕಲ್ಲಿನ ಮೇಲೆ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಗ ಅವನಿಗೆ 21.

ಎರಡು ವರ್ಷ ನಾನು ಅವನ ಅಭ್ಯಾಸದ ಸಹೃದಯನಾಗಿದ್ದೆ, ಒಂದು ನಿಮಿಷ ಪ್ರದರ್ಶನದ ಗಿರಾಕಿಯಾದೆ. ಅಕ್ಕ ಇಂದಿಗೂ ನನ್ನನ್ನು ಒಂದು ಮಾತು ಅಂದಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆ ಅಪಾಯಕರ ಚಾಲನೆಗೆ 5,000 ರೂಪಾಯಿವರೆಗೆ ದಂಡ ಇಲ್ಲವೆ ಜೈಲು ಎನ್ನುತ್ತದೆ. ಓಡಿಸಿದವನು ಹದಿನೆಂಟು ತುಂಬದವನಾದರೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಸೆರೆ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಬಳಿ ಬೇಸತ್ತ ಜನ ವೀಲಿಂಗ್ ಹುಡುಗರ ಸ್ಕೂಟರುಗಳನ್ನು ಮೇಲ್ಸೇತುವೆಯಿಂದ ಕೆಳಕ್ಕೆ ಎಸೆದರು. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ದಂಡವೂ ಸಿಟ್ಟೂ ಹೇಳುವುದು ‘ಇಲ್ಲಿ ಬೇಡ’ ಎಂದು ಮಾತ್ರ. ‘ಹಾಗಾದರೆ ಎಲ್ಲಿ?’ ಎಂಬ ಹುಡುಗನ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಉತ್ತರವಿಲ್ಲ. ಅಂಕಣ ಮತ್ತು ಗುರು ಸಿಕ್ಕಿದರೆ ಏನಾಗಬಹುದು ಎಂಬುದಕ್ಕೆ 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಸಾಕ್ಷಿ.

ಇನ್ನು ಕಡೆಯ ಮಾತು. ಬೆನ್ನುಹುರಿಯ ಪುನರ್ವಸತಿಯಲ್ಲಿ ಗಾಲಿ ಕುರ್ಚಿಯವರಿಗೆ ಕಲಿಸುವ ಮುಖ್ಯ ವಿದ್ಯೆಗಳಲ್ಲಿ ಒಂದಕ್ಕೆ ‘ವೀಲಿ’ ಎಂದೇ ಹೆಸರು. ಹಿಂದಿನ ದೊಡ್ಡ ಗಾಲಿಗಳನ್ನು ಕೈಯಿಂದ ತಟ್ಟನೆ ಮುಂದಕ್ಕೆ ತಳ್ಳಿದರೆ ಮುಂದಿನ ಪುಟ್ಟ ಗಾಲಿಗಳು ಮೇಲೇಳುತ್ತವೆ. ತೂಕದ ಕೇಂದ್ರ ಹಿಂದಿನ ಗಾಲಿಯ ನೇರಕ್ಕೆ ಬಂದಾಗ ಕುರ್ಚಿ ಎರಡೇ ಗಾಲಿಯ ಮೇಲೆ ನಿಲ್ಲುತ್ತದೆ. ಹೊಸ್ತಿಲು, ಮೆಟ್ಟಿಲು, ಕಲ್ಲು ನೆಲ ದಾಟಲು ಇದೇ ದಾರಿ. ಕಲಿಯುವಾಗ ಹಿಂದೆ ಒಬ್ಬರು ಪಟ್ಟಿ ಹಿಡಿದು ನಿಲ್ಲುತ್ತಾರೆ. ಈ ದೇಶದಲ್ಲಿ ಪುನರ್ವಸತಿ ವೈದ್ಯಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ವೆಲ್ಲೂರಿನ ಡಾ. ಮೇರಿ ವರ್ಗೀಸ್ ನಿಮ್ಮ ಕೇರಳದವರು. 1954ರ ರಸ್ತೆ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡು, ಗಾಲಿ ಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದವರು.

ಅಳಿಯನಿಗೆ ಆಸ್ಪತ್ರೆಯಲ್ಲಿ ಇದನ್ನು ಕಲಿಸುವಾಗ ಪಟ್ಟಿ ಹಿಡಿದವನು ನಾನು. ಮೊದಲ ದಿನ ಅವನು ಗಾಲಿಯನ್ನು ನಾಲ್ಕು ಬೆರಳು ಎತ್ತಿ ಇಳಿಸಿದ. ಮತ್ತೆ ಎತ್ತಿದ, ಇಳಿಸಿದ. ಸುಮಾರು ಹೊತ್ತಿನ ಮೇಲೆ ಕುರ್ಚಿ ಒಂದು ಕ್ಷಣ ತೂಕವಿಲ್ಲದೆ ನಿಂತಿತು. ಬಯಲಿನ ಸಂಜೆಗಳ ಮುಖವನ್ನು ಅಂದು ಮತ್ತೆ ಕಂಡೆ.

“ಅದೇ ಲೆಕ್ಕ ಅದರಿ ಮಾಮಾ. ಬ್ರೇಕ್ ಈಗ ಕೈಯಾಗ ಅದ” ಎಂದ.

ನಾನು ಕೆಲಸ ಮಾಡುವ ಬ್ಯಾಂಕಿನ ಬಾಗಿಲಿಗೆ ಒಂದು ಮೆಟ್ಟಿಲಿದೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಇಳಿಜಾರು ಬೇಕೆಂಬ ನಿಯಮವನ್ನು ತೋರಿಸಿ ಬರೆದ ಅರ್ಜಿ ಇನ್ನೂ ಕಡತದಲ್ಲಿದೆ. ತಿಂಗಳಿಗೊಮ್ಮೆ ಅವನು ಬಂದು, ಮುಂದಿನ ಗಾಲಿ ಎತ್ತಿ, ಆ ಮೆಟ್ಟಿಲು ಹತ್ತಿ ಒಳಗೆ ಬರುತ್ತಾನೆ. ಸಾಲಿನಲ್ಲಿದ್ದವರು ತಿರುಗಿ ನೋಡುತ್ತಾರೆ. ಅವನು ಯಾರನ್ನೂ ನೋಡುವುದಿಲ್ಲ, ಪಾಸ್‌ಬುಕ್ ಮುಂದೆ ಚಾಚುತ್ತಾನೆ. ನಾನು ಎಂಟ್ರಿ ಮಾಡಿ ಕೊಡುತ್ತೇನೆ.