ಮತ್ತೆ ಹೆಬ್ಬೆಟ್ಟು

ಸಾಕ್ಷರತಾ ಆಂದೋಲನದ ಕಾಲದಲ್ಲಿ ರಾತ್ರಿಶಾಲೆಗೆ ಹೋಗಿ ರುಜು ಕಲಿತ ನಮ್ಮ ದೊಡ್ಡಮ್ಮ ಈಗ ನ್ಯಾಯಬೆಲೆ ಅಂಗಡಿಯಲ್ಲಿ ಮತ್ತೆ ಹೆಬ್ಬೆಟ್ಟು ಒತ್ತುತ್ತಾಳೆ. ಒತ್ತುತ್ತಲೇ ಇರುತ್ತಾಳೆ ಅನ್ನಬೇಕು. ಹುಣಸೆಹಣ್ಣು ಬಿಡಿಸಿ, ಬೂದಿಯಲ್ಲಿ ಪಾತ್ರೆ ತಿಕ್ಕಿ ಸವೆದ ಗೆರೆಗಳು ಯಂತ್ರಕ್ಕೆ ಕಾಣವು. ಸೆರಗಿಗೆ ಒರೆಸಿಕೊಂಡು ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು, ಆಮೇಲೆ ಎಡಗೈ. ‘ತಂಬ್ ತಗೋತಿಲ್ಲ ದೊಡ್ಡಮ್ಮ, ನಾಳೆ ಬಾ’ ಅನ್ನುತ್ತಾನೆ ಅಂಗಡಿಯವನು. ಅವಳೇ ಎತ್ತಿ ಆಡಿಸಿದ ಹುಡುಗ ಅವನು. ನಾಳೆ ಬಂದರೆ ಇನ್ನೊಂದು ದಿನದ ಕೂಲಿ ಹೋಯಿತು.

2010ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಟೆಂಭಲಿಯಲ್ಲಿ ಮೊದಲ ಆಧಾರ್ ಸಂಖ್ಯೆ ಕೊಟ್ಟಾಗ, ಗುರುತಿನ ಕಾಗದವಿಲ್ಲದ ಬಡವರಿಗೆ ಸರ್ಕಾರದ ಬಾಗಿಲು ತೆರೆಯುವುದು ಉದ್ದೇಶವಾಗಿತ್ತು. ಅದನ್ನು ನಾನು ಹೀಗಳೆಯಲಾರೆ. ಬೇರೆಯವರ ಹೆಸರಿನಲ್ಲಿ ಅಕ್ಕಿ ಎತ್ತುವವರನ್ನು ಹಿಡಿಯಲು ಬೆರಳಚ್ಚು ಸರಿಯಾದ ಸಾಧನವೇ. ಐದು ಕೆ.ಜಿ. ಎಂದು ಬರೆದುಕೊಂಡು ನಾಲ್ಕೂವರೆ ತೂಗುವವನನ್ನು ಮಾತ್ರ ಅದು ಹಿಡಿಯದು. ಪರೀಕ್ಷೆಯೆಲ್ಲ ಪಡೆಯುವವಳ ಕೈಗೆ, ತಕ್ಕಡಿ ಹಿಡಿದ ಕೈಗೆ ಏನೂ ಇಲ್ಲ.

ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಂಕರ್ ಎರಡು ರಾಜ್ಯಗಳಲ್ಲಿ ನಡೆಸಿದ ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಅವಿಭಜಿತ ಆಂಧ್ರದಲ್ಲಿ ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ಬಂದಮೇಲೆ ಉದ್ಯೋಗ ಖಾತರಿಯ ಕೂಲಿ ಬೇಗ ಕೈಸೇರಿತು, ಸೋರಿಕೆಯೂ ಇಳಿಯಿತು. ಅಲ್ಲಿ ಕಾರ್ಡ್ ಇಲ್ಲದವರಿಗೆ ಹಣ ನಿಲ್ಲಿಸಿರಲಿಲ್ಲ. ಜಾರ್ಖಂಡ್‌ನ ಪಡಿತರದಲ್ಲಿ ಆಧಾರ್ ದೃಢೀಕರಣ ಕಡ್ಡಾಯವಾಯಿತು. ಮೊದಲ ಹಂತದಲ್ಲಿ ಸೋರಿಕೆ ಇಳಿಯಲಿಲ್ಲ, ಚೀಟಿಗೆ ಆಧಾರ್ ಜೋಡಿಸಿರದ ಮನೆಗಳಿಗೆ ಸಿಗುವ ಧಾನ್ಯದ ಮೌಲ್ಯ ಶೇ 10ರಷ್ಟು ತಗ್ಗಿತು. ಬೆರಳು ನೋಡುವ ತಂತ್ರಜ್ಞಾನ ಎರಡೂ ಕಡೆ ಇತ್ತು. ಅದು ಸೋತಾಗ ಏನು ಮಾಡಬೇಕೆಂದು ಯೋಚಿಸಿದ್ದು ಒಂದೇ ಕಡೆ.

ಸೋಲುತ್ತದೆ ಎಂಬುದೇನೂ ಗುಟ್ಟಲ್ಲ. ಸರ್ಕಾರಿ ಸೇವೆಗಳಲ್ಲಿ ದೃಢೀಕರಣ ಯಶಸ್ವಿಯಾಗುವುದು ಶೇ 88ರಷ್ಟು ಎಂದು ಆಧಾರ್ ಕೊಡುವ ಗುರುತಿನ ಪ್ರಾಧಿಕಾರವೇ 2018ರಲ್ಲಿ ಸುಪ್ರೀಂ ಕೋರ್ಟ್‌ಗೆ ತಿಳಿಸಿತ್ತು. ಪರೀಕ್ಷೆಯಲ್ಲಿ ಅದು ಡಿಸ್ಟಿಂಕ್ಷನ್. ಪಡಿತರದ ಸಾಲಿನಲ್ಲಿ ಮಾತ್ರ ಉಳಿದ ಹನ್ನೆರಡರ ಲೆಕ್ಕ ಯಾರದೋ ಮನೆಯ ಒಲೆಗೆ ತಾಗುತ್ತದೆ.

ಪರಿಹಾರಕ್ಕೆ ಹೊಸ ಯಂತ್ರ ಬೇಕಾಗಿಲ್ಲ. ಬೆರಳು ಹತ್ತದವರಿಗೆ ಬೇರೆ ಗುರುತು ನೋಡಿ, ಪುಸ್ತಕದಲ್ಲಿ ದಾಖಲಿಸಿ ಧಾನ್ಯ ಕೊಡಬೇಕೆಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ಸುತ್ತೋಲೆ ಕಳಿಸಿದೆ. ಪ್ರತಿ ಅಂಗಡಿಯ ದರಪಟ್ಟಿಯ ಪಕ್ಕ ಅದನ್ನು ಅಂಟಿಸಲಿ, ಕೆಳಗೊಂದು ಪುಸ್ತಕ ಇಡಲಿ. ರುಜು ಹಾಕಲು ದೊಡ್ಡಮ್ಮನಿಗೆ ಬರುತ್ತದೆ.