ಅಳಿಸಿದ ದಿನಚರಿ, ಅಳಿಯದ ವಾದ

ಕ್ಯಾಪ್ಟನ್ ಬೆಂಜಮಿನ್ ಸಿಸ್ಕೋ ತನ್ನ ಕೋಣೆಯಲ್ಲಿ ಒಬ್ಬನೇ ಕೂತು ದಿನಚರಿ ಹೇಳುತ್ತಿದ್ದಾನೆ. ದಾಖಲಿಸಿಕೊಳ್ಳುವುದು ಕಂಪ್ಯೂಟರ್, ಆದರೆ ಅವನ ಕಣ್ಣು ನೆಟ್ಟಿರುವುದು ಕ್ಯಾಮೆರಾದ ಮೇಲೆ, ಅಂದರೆ ನಮ್ಮ ಮೇಲೆ. ಕಥೆ ಮುಂದುವರಿದಂತೆ ಮೈಮೇಲಿನ ಯೂನಿಫಾರಂ ಸಡಿಲಾಗುತ್ತದೆ, ಕೈಗೆ ಮದ್ಯದ ಗ್ಲಾಸು ಬರುತ್ತದೆ. ಕೊನೆಗೆ, ಮಾಡಿದ್ದನ್ನು ಹೊತ್ತುಕೊಂಡು ಬದುಕಬಲ್ಲೆ ಎನ್ನುತ್ತಾನೆ. ತುಸು ತಡೆದು ಅದನ್ನೇ ಇನ್ನೊಮ್ಮೆ ಹೇಳುತ್ತಾನೆ. ಆಮೇಲೆ ಇಡೀ ದಿನಚರಿಯನ್ನು ಅಳಿಸಿಹಾಕಲು ಕಂಪ್ಯೂಟರಿಗೆ ಆಜ್ಞೆ ಕೊಡುತ್ತಾನೆ.

‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಸರಣಿಯ ಈ ಕಂತಿನ ಹೆಸರು ‘ಇನ್ ದ ಪೇಲ್ ಮೂನ್‌ಲೈಟ್’. ಅಮೆರಿಕದಲ್ಲಿ ಇದು ಪ್ರಸಾರವಾದದ್ದು 1998ರ ಏಪ್ರಿಲ್‌ನಲ್ಲಿ. ಸಿಸ್ಕೋ ಮಾಡಿದ್ದು ಸರಿಯೇ ಎಂಬ ವಾದ ಅಭಿಮಾನಿಗಳ ನಡುವೆ ಅಂದು ಶುರುವಾದದ್ದು ಇಂದಿಗೂ ನಿಂತಿಲ್ಲ. ಒಂದು ಕಲಾಕೃತಿಯನ್ನು ಸವಿಯುವ ದಾರಿಗಳಲ್ಲಿ ಅದರ ಪಾತ್ರಗಳ ಬಗ್ಗೆ ಮನಸ್ಸಿಟ್ಟು ಜಗಳವಾಡುವುದೂ ಒಂದು. ಅಂಥ ಜಗಳಕ್ಕೆ ಇಷ್ಟು ಧಾರಾಳವಾಗಿ ಎಡೆ ಮಾಡಿಕೊಟ್ಟ ಟಿ.ವಿ. ಸರಣಿಗಳು ನನಗೆ ಹೆಚ್ಚು ಸಿಕ್ಕಿಲ್ಲ.

ಡೊಮಿನಿಯನ್ ಎಂಬ ಶಕ್ತಿಯ ಎದುರು ಸಿಸ್ಕೋನ ಪಕ್ಷವಾದ ಫೆಡರೇಷನ್ ಸೋಲುತ್ತಿದೆ. ಪ್ರತಿ ಶುಕ್ರವಾರ ಸತ್ತವರ, ಕಾಣೆಯಾದವರ ಪಟ್ಟಿ ಅಂಟಿಸುವುದು ಸಿಸ್ಕೋನ ಪಾಲಿಗೆ ಬಂದ ಕೆಲಸ. ತಟಸ್ಥರಾಗಿ ಕೂತಿರುವ ರೋಮ್ಯುಲನ್ನರು ಯುದ್ಧಕ್ಕೆ ಇಳಿದರೆ ಮಾತ್ರ ಉಳಿಗಾಲ. ಅದಕ್ಕಾಗಿ ಅವನು ಗ್ಯಾರಕ್ ಎಂಬ ದರ್ಜಿಯ ಬಳಿ ಹೋಗುತ್ತಾನೆ. ಗ್ಯಾರಕ್ ಈಗ ಬಟ್ಟೆ ಹೊಲಿಯುತ್ತಾನೆ, ಹಿಂದೆ ಗೂಢಚಾರನಾಗಿದ್ದವನು. ಡೊಮಿನಿಯನ್ ರೋಮ್ಯುಲನ್ನರ ಮೇಲೂ ಎರಗಲಿದೆ ಎಂಬುದಕ್ಕೆ ನಿಜವಾದ ಸಾಕ್ಷಿ ಸಿಗದಾಗ ಸುಳ್ಳು ಸಾಕ್ಷಿ ತಯಾರಾಗುತ್ತದೆ. ಅದಕ್ಕೊಬ್ಬ ಖದೀಮನನ್ನು ಜೈಲಿನಿಂದ ಬಿಡಿಸುವುದು, ಅವನು ಚೂರಿ ಹಾಕಿದ ಹೋಟೆಲಿನವನಿಗೆ ದೂರು ಕೊಡದಂತೆ ಲಂಚ ತಿನ್ನಿಸುವುದು, ಕೊಡಬಾರದ ಅಪಾಯಕಾರಿ ವಸ್ತುವನ್ನು ಯಾರಿಗೋ ಕೊಡುವುದು. ಒಂದೊಂದೇ ಮೆಟ್ಟಿಲು, ಒಂದೊಂದೂ ಚಿಕ್ಕದೇ. ಕೊನೆಯ ಮೆಟ್ಟಿಲಲ್ಲಿ ರೋಮ್ಯುಲನ್ ಸೆನೆಟರನ ನೌಕೆ ಸಿಡಿಯುತ್ತದೆ. ಸಿಟ್ಟಿನಿಂದ ಹೊಡೆಯಲು ಬಂದ ಸಿಸ್ಕೋಗೆ ಗ್ಯಾರಕ್ ತಣ್ಣಗೆ ಲೆಕ್ಕ ಒಪ್ಪಿಸುತ್ತಾನೆ: ಒಬ್ಬ ಸೆನೆಟರ್, ಒಬ್ಬ ಅಪರಾಧಿ, ಒಬ್ಬ ಅಧಿಕಾರಿಯ ಆತ್ಮಗೌರವ. ಇಷ್ಟರಲ್ಲಿ ಇಡೀ ಆಲ್ಫಾ ಕ್ವಾಡ್ರಂಟ್, ಅಂದರೆ ಗೆಲಾಕ್ಸಿಯ ಕಾಲು ಭಾಗ, ಉಳಿಯಿತಲ್ಲ ಎಂಬುದು ಅವನ ಮಾತು.

ಒಂದು ಪಕ್ಷದವರು ಈ ಲೆಕ್ಕವನ್ನು ಒಪ್ಪುತ್ತಾರೆ. ಇನ್ನೊಂದು ಪಕ್ಷದವರು ಜೀನ್ ರಾಡೆನ್‌ಬರಿ 1966ರಲ್ಲಿ ಶುರುಮಾಡಿದ ಆಶಾವಾದದ ಕಥನಕ್ಕೆ ಇದು ದ್ರೋಹ ಎನ್ನುತ್ತಾರೆ. ಮೂರನೆಯವರ ಪ್ರಶ್ನೆ ಇನ್ನೂ ಚೂಪು: ಕೊಲೆ ನಡೆಯುತ್ತದೆಂದು ಸಿಸ್ಕೋಗೆ ನಿಜವಾಗಿ ಗೊತ್ತಿರಲಿಲ್ಲವೇ? ತಾನು ಮಾಡಲಾರದ್ದನ್ನು ಮಾಡಿಸಲೆಂದೇ ಗ್ಯಾರಕನ ಬಳಿ ಹೋದದ್ದಲ್ಲವೇ? ನನ್ನನ್ನು ಕಾಡುವುದು ಬೇರೊಂದು. ಸುಳ್ಳಿನ ಬಲದಿಂದ ಯುದ್ಧಕ್ಕೆ ಬಂದ ರೋಮ್ಯುಲನ್ನರೂ ಸಾಯುತ್ತಾರೆ. ಅವರ ಹೆಸರು ಸಿಸ್ಕೋನ ಶುಕ್ರವಾರದ ಪಟ್ಟಿಗೆ ಬರುವುದಿಲ್ಲ.

ಬದುಕಬಲ್ಲೆ ಎಂಬ ಆ ಕೊನೆಯ ಮಾತನ್ನು ಸಿಸ್ಕೋನ ಪಾತ್ರ ಮಾಡಿದ ಏವರಿ ಬ್ರೂಕ್ಸ್ ಹೇಳುವ ಬಗೆಯನ್ನು ನೋಡಬೇಕು. ಮೊದಲ ಸಲ ಅದೊಂದು ತೀರ್ಪು. ಎರಡನೆಯ ಸಲದ ಹೊತ್ತಿಗೆ ದನಿ ಇಳಿದಿರುತ್ತದೆ. ಅದು ನಿಶ್ಚಯವೆಂದು ಕೆಲವರಿಗೆ ಕೇಳಿಸುತ್ತದೆ, ತನ್ನನ್ನು ತಾನೇ ಒಪ್ಪಿಸಿಕೊಳ್ಳಲು ಹೆಣಗುವುದೆಂದು ಉಳಿದವರಿಗೆ. ಇಡೀ ವಾದ ನಿಂತಿರುವುದು ನಟನೊಬ್ಬ ಎರಡು ವಾಕ್ಯಗಳ ನಡುವೆ ಬಿಟ್ಟ ಬಿಡುವಿನ ಮೇಲೆ. ದಿನಚರಿ ಅಳಿಸಿಹೋದ ಮೇಲೆ ಅವನ ಲೋಕದಲ್ಲಿ ಅದನ್ನು ಓದಬಲ್ಲವರಿಲ್ಲ. ತೀರ್ಪು ಕೊಡಬೇಕಾದವರು ನೋಡುಗರೇ.

ಈ ಸರಣಿಗೆ ಇಂಥ ಕಸುವು ಬಂದದ್ದು ಅದರ ಜಾಗದಿಂದ. ಹಿಂದಿನ ಸ್ಟಾರ್ ಟ್ರೆಕ್‌ಗಳಲ್ಲಿ ನೌಕೆ ವಾರಕ್ಕೊಂದು ಗ್ರಹಕ್ಕೆ ಹೋಗಿ ಸಮಸ್ಯೆ ಬಗೆಹರಿಸಿ ಮುಂದೆ ಸಾಗುತ್ತಿತ್ತು. 1993ರಿಂದ 1999ರವರೆಗೆ ಏಳು ಸೀಸನ್ ನಡೆದ ಈ ಕಥೆ ನಡೆಯುವುದು ಒಂದೇ ಬಾಹ್ಯಾಕಾಶ ನಿಲ್ದಾಣದಲ್ಲಿ. ಅದು ಎಲ್ಲಿಗೂ ಹೋಗುವುದಿಲ್ಲ. ನಿನ್ನೆ ಮಾಡಿದ್ದರ ಫಲ ನಾಳೆ ಬಾಗಿಲಿಗೆ ಬರುತ್ತದೆ. ಪಕ್ಕದಲ್ಲೇ ಬೇಜೋರ್ ಗ್ರಹ. ಕಾರ್ಡೇಸಿಯನ್ನರು ಸುಮಾರು ಐವತ್ತು ವರ್ಷ ಆಳಿ, ಸುಲಿದು ಬಿಟ್ಟುಹೋದ ನಾಡು. ನಿಲ್ದಾಣದ ಎರಡನೆಯ ಅಧಿಕಾರಿ ಮೇಜರ್ ಕೀರಾ ನೆರೀಸ್ ಆ ಆಳ್ವಿಕೆಯ ವಿರುದ್ಧ ಎಳೆವಯಸ್ಸಿನಲ್ಲೇ ಬಂದೂಕು ಹಿಡಿದವಳು. ನಾನಾ ವಿಸಿಟರ್ ಮಾಡಿದ ಪಾತ್ರವಿದು.

ಕೀರಾಳ ಬಗ್ಗೆ ಮಾತು ಬಂದಾಗ ಬಲ್ಲವರು ಎರಡು ಕಂತುಗಳನ್ನು ಜೊತೆಗಿಟ್ಟು ನೋಡುತ್ತಾರೆ. 1993ರ ‘ಡ್ಯುಯೆಟ್’ನಲ್ಲಿ ಅವಳೆದುರು ಒಬ್ಬ ಕಾರ್ಡೇಸಿಯನ್ ಕೈದಿ. ತಾನೇ ಗಲ್ಲಿಟೆಪ್ ಎಂಬ ಜೀತದ ಶಿಬಿರದ ಕಟುಕ ಎಂದು ಜಂಬದಿಂದ ಹೇಳಿಕೊಳ್ಳುವವನು ನಿಜಕ್ಕೂ ಅಲ್ಲಿನ ಬಡಪಾಯಿ ಗುಮಾಸ್ತ ಮರಿಟ್ಜಾ. ರಾತ್ರಿ ಬೇಜೋರನ್ನರ ಕೂಗು ಕೇಳಲಾರದೆ ಕಿವಿ ಮುಚ್ಚಿಕೊಳ್ಳುತ್ತಿದ್ದವನು. ತನ್ನ ಜನ ಮಾಡಿದ ಪಾಪಕ್ಕೆ ತಾನು ಶಿಕ್ಷೆ ಅನುಭವಿಸಿದರೆ ತನ್ನ ನಾಡು ಕಣ್ಣು ತೆರೆದೀತೆಂಬ ಆಸೆ ಅವನದು. ಮರಿಟ್ಜಾನ ಪಾತ್ರ ಮಾಡಿದ ಹ್ಯಾರಿಸ್ ಯೂಲಿನ್ ಅಟ್ಟಹಾಸದಿಂದ ಬಿಕ್ಕಳಿಕೆಗೆ ಜಾರುವ ಆ ದೃಶ್ಯದಲ್ಲಿ ಇರುವುದು ಎರಡು ಮುಖ, ಒಂದು ಸೆರೆಕೋಣೆ, ಅಷ್ಟೇ. ಕೀರಾ ಅವನನ್ನು ಬಿಡುಗಡೆ ಮಾಡುತ್ತಾಳೆ. ಬೇಜೋರನ್ ಒಬ್ಬ ಅವನನ್ನು ಇರಿದು ಕೊಂದು, ಕಾರ್ಡೇಸಿಯನ್ ಎಂಬ ಕಾರಣವೇ ಸಾಕು ಎಂದಾಗ, ಸಾಲದು ಎನ್ನುತ್ತಾಳೆ.

1997ರ ‘ದ ಡಾರ್ಕ್‌ನೆಸ್ ಅಂಡ್ ದ ಲೈಟ್’ನಲ್ಲಿ ಇದೇ ಕೀರಾ ಇನ್ನೊಬ್ಬ ಕಾರ್ಡೇಸಿಯನ್‌ನ ಸೆರೆಯಲ್ಲಿದ್ದಾಳೆ. ಅವನು ಅಧಿಕಾರಿಯ ಮನೆಯಲ್ಲಿ ಯೂನಿಫಾರಂ ಒಗೆದು ಇಡುತ್ತಿದ್ದ ಆಳು. ಅವಳ ಗುಂಪಿಟ್ಟ ಬಾಂಬಿನಲ್ಲಿ ಅವನ ಮುಖ ಸುಟ್ಟುಹೋಗಿದೆ. ನಮ್ಮ ನೆಲದಲ್ಲಿದ್ದ ನೀವೆಲ್ಲರೂ ಗುರಿಯೇ ಎಂದು ಅವಳು ಕೂಗುತ್ತಾಳೆ. ಗುಮಾಸ್ತನಿಗೆ ಕಣ್ಣೀರಿಟ್ಟವಳು ಆಳಿಗೆ ಮರುಗಲಿಲ್ಲವೇಕೆ? ಮಾತು ತಪ್ಪಿದಳೆಂದು ಕೆಲವರು. ಮರುಗುವುದು ಒಂದು, ತನ್ನ ಹೋರಾಟವನ್ನೇ ತಪ್ಪೆನ್ನುವುದು ಇನ್ನೊಂದು ಎಂದು ಕೆಲವರು. ನಾನು ಎರಡನೆಯವರ ಕಡೆ. ಆದರೆ ಮೊದಲನೆಯವರ ಮಾತು ಕೇಳಿದ ಮೇಲೆ ‘ಡ್ಯುಯೆಟ್’ ನೋಡಿದರೆ ಕೀರಾಳ ಕರುಣೆ ಅವಳಿಗೆಷ್ಟು ದುಬಾರಿಯಾಗಿತ್ತೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಈ ವಾದಗಳು ಒಮ್ಮೆ ಬರಹಗಾರರವರೆಗೂ ಮುಟ್ಟಿದವು. ಬೇಜೋರನ್ನು ಆಳಿದ ಗುಲ್ ಡುಕಾಟ್‌ನ ಪಾತ್ರಕ್ಕೆ ಮಾರ್ಕ್ ಅಲೈಮೊ ತುಂಬಿದ ಮೋಹಕ ಗತ್ತಿಗೆ ಮರುಳಾಗಿ, ಅವನು ಅಷ್ಟೇನೂ ಕೆಟ್ಟವನಲ್ಲ ಎನ್ನುವವರು ಹೆಚ್ಚಿದರು. ಇದು ಸರಣಿಯ ಹೊಣೆ ಹೊತ್ತಿದ್ದ ಐರಾ ಸ್ಟೀವನ್ ಬೇರ್ ಅವರಿಗೆ ಸರಿಬರಲಿಲ್ಲ. 1998ರ ಜನವರಿಯ ‘ವಾಲ್ಟ್ಜ್’ ಕಂತು ಅದಕ್ಕೆ ಉತ್ತರ. ತಾನು ಕೆಲಸದ ಹೊರೆ ಇಳಿಸಿದೆ, ಔಷಧೋಪಚಾರ ಸುಧಾರಿಸಿದೆ, ಆದರೂ ಈ ಜನಕ್ಕೆ ಉಪಕಾರಸ್ಮರಣೆಯಿಲ್ಲ ಎಂದು ಡುಕಾಟ್ ಗೋಳಾಡುತ್ತಾನೆ. ಸಿಸ್ಕೋ ಕೆಣಕುತ್ತ ಹೋದಂತೆ, ಅವರನ್ನೆಲ್ಲ ಕೊಂದುಬಿಡಬೇಕಿತ್ತು ಎಂಬ ಮಾತು ಅವನ ಬಾಯಿಂದಲೇ ಹೊರಬೀಳುತ್ತದೆ. ದಯಾಳು ಎಂದುಕೊಂಡೇ ಆಳಿದವರ ಮನಸ್ಸನ್ನು ಇಷ್ಟು ಹತ್ತಿರದಿಂದ ಬಿಡಿಸಿಟ್ಟ ದೃಶ್ಯ ಅಪರೂಪ.

ಕರಾವಳಿ, ಮಲೆನಾಡಿನ ತಾಳಮದ್ದಳೆ ಕೇಳಿದವರಿಗೆ ಇಂಥ ವಾದದ ಸುಖ ಹೊಸದಲ್ಲ. ವಾಲಿ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಆದರೂ ಅವನು ರಾಮನನ್ನು ಪ್ರಶ್ನಿಸುವುದನ್ನು ಕೇಳಲು ರಾತ್ರಿಯಿಡೀ ಕೂರುತ್ತೇವೆ. ಇಂದು ವಾಲಿಯ ಅರ್ಥ ಹೇಳಿದವರು ನಾಳೆ ರಾಮನ ಅರ್ಥವನ್ನೂ ಅಷ್ಟೇ ನಿಷ್ಠೆಯಿಂದ ಹೇಳಬಲ್ಲರು. ಅಭಿಮಾನಿಗಳಲ್ಲೂ ನನಗೆ ಮೆಚ್ಚುಗೆಯಾಗುವವರು ಇಂಥವರೇ. ಎದುರು ಪಕ್ಷದ ಮಾತನ್ನು ಎದುರಿನವರಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಉತ್ತರಿಸುವವರು.

ಸರಣಿ ಮುಗಿಯುವ ಹೊತ್ತಿಗೆ, 1999ರ ‘ಟ್ಯಾಕಿಂಗ್ ಇಂಟು ದ ವಿಂಡ್’ನಲ್ಲಿ, ಕೀರಾ ಕಾರ್ಡೇಸಿಯನ್ ಬಂಡುಕೋರರಿಗೇ ಹೋರಾಟ ಕಲಿಸುತ್ತಿದ್ದಾಳೆ. ಅವರ ನಾಯಕ ಡಮಾರ್‌ನ ಹೆಂಡತಿ, ಮಗನನ್ನು ಡೊಮಿನಿಯನ್ ಕೊಂದ ಸುದ್ದಿ ಬರುತ್ತದೆ. ನಿರಪರಾಧಿ ಹೆಂಗಸರು, ಮಕ್ಕಳನ್ನು ಕೊಲ್ಲಲು ಆಜ್ಞೆ ಕೊಡುವವರು ಎಂಥವರು ಎಂದು ಅವನು ನರಳುತ್ತಾನೆ. ಹೌದು, ಎಂಥವರು ಎಂದು ಕೀರಾ ತಿರುಗಿ ಕೇಳುತ್ತಾಳೆ. ಅದು ಕ್ರೌರ್ಯವೇ, ನ್ಯಾಯವೇ ಎಂದು ಈಗಲೂ ಚರ್ಚೆಯಿದೆ. ಕೀರಾಳಿಗೇ ಕೂಡಲೇ ಕಸಿವಿಸಿಯಾಗುತ್ತದೆ, ಗ್ಯಾರಕ್ ಮಾತ್ರ ಆ ಮಾತು ಅವನ ಕಿವಿಗೆ ಬೀಳಲೇಬೇಕಿತ್ತು ಎನ್ನುತ್ತಾನೆ. ಆ ಒಂದು ಪ್ರಶ್ನೆಗೆ ಅಷ್ಟು ತೂಕ ಬರಬೇಕಾದರೆ ಗುಮಾಸ್ತ, ಆಳು, ಡುಕಾಟ್ ಎಲ್ಲರೂ ಅದರ ಹಿಂದೆ ನಿಂತಿರಬೇಕು. ಅವರನ್ನು ನೆನಪಿನಲ್ಲಿ ಜೀವಂತವಾಗಿ ಉಳಿಸಿಕೊಂಡು ಬಂದದ್ದು, ಪಟ್ಟು ಬಿಡದೆ ವಾದಿಸಿದ ಆ ಅಭಿಮಾನಿಗಳ ಪ್ರೀತಿ.