ಚೌಕಕ್ಕೆ ಬಿದ್ದ ಹಾರ

ಕ್ಯೂಆರ್ ಕೋಡ್ ಇರುವ ಪಠ್ಯಪುಸ್ತಕವನ್ನು ಹೊಗಳಲು ಹೊರಟವರೆಲ್ಲ ಕೊನೆಗೆ ಬಂದು ನಿಲ್ಲುವುದು ಪರಿತೇವಾಡಿಯಲ್ಲಿ. ಸೊಲ್ಲಾಪುರ ಜಿಲ್ಲೆಯ ಆ ಹಳ್ಳಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತಸಿಂಹ ಡಿಸಲೆ 2020ರ ಡಿಸೆಂಬರಿನಲ್ಲಿ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಗೆದ್ದರು, ಅರ್ಧ ಹಣವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಮಂದಿಗೆ ಹಂಚಿದರು. ಗಡಿ ದಾಟಿದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ತಾಲ್ಲೂಕುಗಳು. ಭೀಮೆಯ ಇಳಿಹರಿವಿನಲ್ಲಿ ಜೇವರ್ಗಿ. ಈ ಸೀಮೆಯ ಗುರುಗಳಿಗೆ ಡಿಸಲೆಯವರ ಹೆಸರು ಹೊಸದಲ್ಲ. ಅವರ ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಾರ ಬಿದ್ದಿರುವ ಕೊರಳು ಬೇರೆಯದು.

ಪ್ರಶಸ್ತಿ ಕೊಟ್ಟವರು ಬರೆದ ವಿವರಣೆಯನ್ನೇ ಓದಿ. ಪಠ್ಯಪುಸ್ತಕ ಆ ಮಕ್ಕಳ ಮನೆಮಾತಿನಲ್ಲಿರಲಿಲ್ಲ; ಮನೆಮಾತು ಕನ್ನಡ. ಶಿಕ್ಷಕ ಊರಿಗೇ ಬಂದು ನೆಲೆಸಿ ಕನ್ನಡ ಕಲಿತರು, ಪುಸ್ತಕಗಳನ್ನು ಕನ್ನಡಕ್ಕೆ ತಂದರು. ಆಮೇಲೆ, ಗಮನಿಸಿ, ಆಮೇಲೆ, ಅವುಗಳಲ್ಲಿ ಕ್ಯೂಆರ್ ಚೌಕಗಳನ್ನು ಸೇರಿಸಿ ಪದ್ಯದ ಧ್ವನಿ, ಕತೆ, ವಿಡಿಯೊ, ಅಭ್ಯಾಸಗಳಿಗೆ ದಾರಿ ಮಾಡಿದರು. ಇಲ್ಲಿ ಕಷ್ಟದ ಕೆಲಸ ಯಾವುದು? ಕೋಡ್ ತಯಾರಿಸಲು ಒಂದು ನಿಮಿಷ ಸಾಕು. ಇನ್ನೊಬ್ಬರ ಮಕ್ಕಳ ಮಾತನ್ನು ಕಲಿಯಲು ಎಷ್ಟು ಕಾಲ ಬೇಕೆಂದು ತಾಂಡಾದ ಶಾಲೆಗೆ ವರ್ಗವಾಗಿ ಹೋದ ಯಾವ ಶಿಕ್ಷಕರನ್ನಾದರೂ ಕೇಳಬಹುದು.

2017ರಲ್ಲಿ ಮಹಾರಾಷ್ಟ್ರ ಸರ್ಕಾರ ಎಲ್ಲ ತರಗತಿಗಳಿಗೂ ಕ್ಯೂಆರ್ ಪುಸ್ತಕವೆಂದು ಸಾರಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇಂದ್ರದ ಡಿಜಿಟಲ್ ಕಲಿಕಾ ವೇದಿಕೆ ದೀಕ್ಷಾ ಬಂತು. ಮರುವರ್ಷ ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಕೋಡ್ ಹಾಕುವ ಘೋಷಣೆಯಾಯಿತು. ನಮ್ಮ ಕರ್ನಾಟಕದ ಪಠ್ಯಪುಸ್ತಕ ಸಂಘದ ಪುಸ್ತಕಗಳಲ್ಲೂ ಚೌಕ ಮೂಡಿತು. ಅಕ್ಕಲಕೋಟೆಯ ಕನ್ನಡ ಶಾಲೆಗೆ ಪುಣೆಯ ಬಾಲಭಾರತಿ ಕಳಿಸುವ ಕನ್ನಡ ಪುಸ್ತಕದಲ್ಲೂ ಮೂಡಿತು. ಅಚ್ಚಿನಮನೆಗೆ ಕಳಿಸಬಹುದಾದ ಭಾಗವನ್ನು ಸರ್ಕಾರಗಳು ಎತ್ತಿಕೊಂಡವು. ಕಳಿಸಲಾಗದ ಭಾಗ ಪರಿತೇವಾಡಿಯಲ್ಲೇ ಉಳಿಯಿತು.

ಈ ಚೌಕವನ್ನೇ ಸ್ವಲ್ಪ ಹೊತ್ತು ನೋಡೋಣ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಸಂಗಡಿಗರು ಇದನ್ನು ರೂಪಿಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ. ಮೂರು ಮೂಲೆಯ ಗುರುತು ಹಿಡಿದು ಯಂತ್ರ ಅದನ್ನು ಯಾವ ದಿಕ್ಕಿನಿಂದಲೂ ಓದುತ್ತದೆ. ಅತಿ ಹೆಚ್ಚು ರಕ್ಷಣೆಯ ದರ್ಜೆಯಲ್ಲಿ ಮಾಡಿದ್ದರೆ ಶೇ 30ರಷ್ಟು ಮಾಸಿದರೂ, ಹರಿದರೂ ಓದುತ್ತದೆ. ಎರಡನೇ ತರಗತಿಯ ಪುಸ್ತಕ ದೀಪಾವಳಿಯ ಹೊತ್ತಿಗೆ ಯಾವ ಸ್ಥಿತಿಯಲ್ಲಿರುತ್ತದೆಂದು ಬಲ್ಲವರಿಗೆ ಇದು ಸಣ್ಣ ಗುಣವಲ್ಲ. ಆದರೆ ಯಂತ್ರದ ಮೇಲೆ ಇಷ್ಟು ಉದಾರಿಯಾದ ಗುರುತು ಮಗುವಿನ ಕಣ್ಣಿಗೆ ಏನನ್ನೂ ಬಿಟ್ಟುಕೊಡುವುದಿಲ್ಲ. ಪದ್ಯದ ಚೌಕವೂ ಭಾಗಾಕಾರದ ಚೌಕವೂ ಅದಕ್ಕೆ ಒಂದೇ. ಕೆಳಗಿರುವ ಆರು ಅಕ್ಷರ–ಅಂಕಿಗಳ ಸಂಕೇತ ಇಂಗ್ಲಿಷ್ ಲಿಪಿಯಲ್ಲಿದೆ. ಚೌಕ ಇರುವುದು ಪಾಠಕ್ಕೆ, ಚಟುವಟಿಕೆಗಲ್ಲ. ಸ್ಕ್ಯಾನ್ ಮಾಡಿದರೆ ತೆರೆಯುವುದು ಒಂದು ಪಟ್ಟಿ. ಅದರಿಂದ ಆರಿಸುವವರು ಗುರುಗಳು, ಮೊಬೈಲ್ ಹಿಡಿಯುವವರೂ ಅವರೇ. ತರಗತಿಯೆಲ್ಲ ಆ ಪರದೆಯ ಕಡೆ ಕತ್ತು ಚಾಚುತ್ತದೆ.

ಇದರ ಪಕ್ಕದಲ್ಲಿ ನಲಿ-ಕಲಿ ಕಾರ್ಡನ್ನಿಡಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿವ್ಯಾಲಿಯ ಮಾದರಿ ನೋಡಿ ಬಂದು ಕಟ್ಟಿದ ಈ ಪದ್ಧತಿ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕಾರ್ಡಿನ ಮೂಲೆಯಲ್ಲೂ ಒಂದು ಗುರುತಿದೆ, ಆದರೆ ಅದು ಮಗು ಓದಬಲ್ಲ ಚಿತ್ರ. ಕಲಿಕಾ ಏಣಿಯಲ್ಲಿ ತನ್ನ ಜಾಗ ನೋಡಿ, ಕಾರ್ಡು ಹುಡುಕಿ, ಯಾವ ಗುಂಪಿನಲ್ಲಿ ಕೂರಬೇಕೆಂದು ತಿಳಿದು ಮಗುವೇ ಹೋಗಿ ಕೂರುತ್ತದೆ. ಕೆಲಸ ಗುರುವಿನ ಕೈಯಿಂದ ಮಗುವಿನ ಕೈಗೆ ದಾಟುತ್ತದೆ. ಕ್ಯೂಆರ್ ಕೋಡ್ ಅದನ್ನು ವಾಪಸು ಗುರುವಿನ ಕಿಸೆಗೆ ತಂದಿಟ್ಟಿತು. ಹಾಗೆಂದು ನಲಿ-ಕಲಿಯ ಆರತಿ ಎತ್ತಲು ನಾನು ಬಂದಿಲ್ಲ. ಎಷ್ಟೋ ಕಡೆ ಅದು ಪ್ರಗತಿ ನೋಟ ತುಂಬುವ ಕೆಲಸವಾಗಿ ಒಣಗಿದೆ. ಆದರೂ ಗುರುತು ಯಾರೊಂದಿಗೆ ಮಾತಾಡಬೇಕೆಂಬ ಪ್ರಶ್ನೆಗೆ ಅದರ ಬಳಿ ಉತ್ತರವಿತ್ತು.

ಚೌಕದ ಇನ್ನೊಂದು ಗುಣವನ್ನು ಹೊಗಳುವುದುಂಟು: ಪುಸ್ತಕ ಮರುಮುದ್ರಿಸದೆ ಚೌಕದ ಹಿಂದಿರುವ ಸಾಮಗ್ರಿಯನ್ನು ಬದಲಿಸಬಹುದು. ಬದಲಿಸಬಹುದು, ನಿಜ. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪಠ್ಯಪುಸ್ತಕ ಪರಿಷ್ಕರಣೆಗೆ ನಾಡೆಲ್ಲ ಜಗಳಕ್ಕೆ ನಿಂತಿತು, 2023ರಲ್ಲಿ ಹೊಸ ಸರ್ಕಾರ ಮತ್ತೆ ತಿದ್ದಿತು. ಪಾಠ, ಪ್ಯಾರಾ, ಪದ, ಎಲ್ಲದರ ಮೇಲೂ ಲೇಖನಗಳು ಬಂದವು. ಚೌಕಗಳ ಹಿಂದೆ ಏನಿದೆ ಎಂದು ಕೇಳಿದ ಒಂದು ಲೇಖನವೂ ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮ ವಿಮರ್ಶಕರು ಅಚ್ಚಾದದ್ದನ್ನು ಮಾತ್ರ ಪಠ್ಯವೆಂದು ನಂಬಿದ್ದಾರೆ.

ಈ ವಿಮರ್ಶಕರ ಮಾತು ಬಂದಿತಲ್ಲ, ಅವರಲ್ಲಿ ಎರಡು ಪಂಗಡ. ಮೊದಲನೆಯದು ನೆಟ್‌ವರ್ಕ್ ಪಂಗಡ: ಜೇವರ್ಗಿಯ ಹಳ್ಳಿಯಲ್ಲಿ ಸಿಗ್ನಲ್ ಇಲ್ಲ, ಕರೆಂಟಿಲ್ಲ, ಟ್ಯಾಬ್ ಇಲ್ಲ. ಇದು ಸರ್ಕಾರಕ್ಕೆ ಅತಿ ಪ್ರಿಯವಾದ ಟೀಕೆ, ಏಕೆಂದರೆ ಟೆಂಡರ್ ಕರೆದು ಇದಕ್ಕೆ ಉತ್ತರಿಸಬಹುದು. 2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಶೇ 42.43ರೊಂದಿಗೆ ರಾಜ್ಯದ ಕಟ್ಟಕಡೆಯ ಜಿಲ್ಲೆಯಾಯಿತು. ಅಂಥ ಜಿಲ್ಲೆಗೆ ಉಪಕರಣ ಬೇಡವೆನ್ನುವ ಧೈರ್ಯ ಯಾರಿಗಿದೆ?

ಎರಡನೆಯವರು ಕೆಂಟಾರೊ ಟೊಯಾಮಾ ಪಂಗಡ. ಬೆಂಗಳೂರಿನ ಮೈಕ್ರೊಸಾಫ್ಟ್ ಪ್ರಯೋಗಾಲಯದಲ್ಲಿದ್ದ ಟೊಯಾಮಾ 2015ರ ತಮ್ಮ ಪುಸ್ತಕದಲ್ಲಿ, ತಂತ್ರಜ್ಞಾನ ಇರುವ ಶಕ್ತಿಯನ್ನು ಹಿಗ್ಗಿಸುತ್ತದೆಯೇ ಹೊರತು ಇಲ್ಲದ್ದನ್ನು ಹುಟ್ಟಿಸುವುದಿಲ್ಲ ಎಂದು ವಾದಿಸಿದರು. ಒಳ್ಳೆಯ ವಾದವೇ. ಆದರೆ ಅದನ್ನು ಉಲ್ಲೇಖಿಸುವುದೇ ಈಗ ಸಾಮಗ್ರಿಯನ್ನು ತೆರೆದು ನೋಡದಿರಲು ನೆಪವಾಗಿದೆ. ಒಳ್ಳೆಯ ಗುರು ಇದ್ದರೆ ಎಲ್ಲವೂ ಸರಿ, ಇಲ್ಲದಿದ್ದರೆ ಯಾವುದೂ ಸರಿಯಲ್ಲ ಎಂದುಬಿಟ್ಟರೆ ವಿಮರ್ಶೆಗೆ ಉಳಿಯುವ ಕೆಲಸವೇನು? ದೆಹಲಿಯಲ್ಲಿ ಮುರಳೀಧರನ್, ಸಿಂಗ್, ಗನಿಮಿಯನ್ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನವನ್ನು ಈ ಪಂಗಡ ನೆನೆಯುವುದೇ ಇಲ್ಲ. ಅಲ್ಲಿ ಶಾಲೆಯ ಬಳಿಕದ ಕೇಂದ್ರಗಳಲ್ಲಿ ಕಂಪ್ಯೂಟರ್ ಪಾಠದಿಂದ ಗಣಿತ, ಹಿಂದಿ ಎರಡರಲ್ಲೂ ಕಲಿಕೆ ಏರಿತು. ಆ ತಂತ್ರಾಂಶ ತರಗತಿಯ ಪುಸ್ತಕವನ್ನು ಹಿಂಬಾಲಿಸಲಿಲ್ಲ. ಮಗು ನಿಜವಾಗಿ ಎಲ್ಲಿದೆಯೋ ಅಲ್ಲಿಂದ ಶುರುಮಾಡಿತು. ಪಾಠಕ್ಕೊಂದರಂತೆ ಅಚ್ಚಾದ ಚೌಕ ಮಾಡಲಾಗದ್ದು ಇದನ್ನೇ: ಆರನೇ ತರಗತಿಯಲ್ಲಿ ಕೂತು ಕಳೆಯುವ ಲೆಕ್ಕಕ್ಕೆ ತಡವರಿಸುವ ಮಗುವಿಗೂ ಅದು ಆರನೇ ತರಗತಿಯ ವಿಡಿಯೊವನ್ನೇ ತೋರಿಸುತ್ತದೆ.

ಮತ್ತೆ ಗಡಿಯ ಈಚೆಗೆ ಬರೋಣ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. ಆಳಂದದಲ್ಲಿ ಮರಾಠಿ, ಉರ್ದು ಮನೆಗಳಿವೆ. ಪರಿತೇವಾಡಿಯ ಕೆಲಸವನ್ನು ಇಲ್ಲಿ ಮುಂದುವರಿಸುವುದೆಂದರೆ ಒಂದನೇ ತರಗತಿಯ ಕತೆಯನ್ನು ತಾಂಡಾದ ಅಜ್ಜಿಯೊಬ್ಬಳಿಂದ ಅವಳ ಮಾತಿನಲ್ಲಿ ಹೇಳಿಸಿ, ಮೊಬೈಲಿನಲ್ಲಿ ಧ್ವನಿ ಹಿಡಿದು, ಅದರ ಕೋಡನ್ನು ಆ ಪುಟಕ್ಕೆ ಅಂಟಿಸುವುದು. ಇದಕ್ಕೆ ಟ್ಯಾಬೂ ಬೇಡ, ಟೆಂಡರೂ ಬೇಡ. ಚೀಟಿ ಮುದ್ರಿಸಲು ಝೆರಾಕ್ಸ್ ಅಂಗಡಿ ಸಾಕು. ಆದರೆ ಅಚ್ಚಾದ ಚೌಕದ ಹಿಂದೆ ಏನಿರಬೇಕೆಂದು ಬೆಂಗಳೂರಿನಲ್ಲಿ ತೀರ್ಮಾನವಾಗುತ್ತದೆ, ತಾಂಡಾದ ಗುರುವಿಗೆ ಅದನ್ನು ಸ್ಕ್ಯಾನ್ ಮಾಡುವ ಅಧಿಕಾರ ಮಾತ್ರ. ಡಿಸಲೆ ತಮ್ಮ ಕೋಡುಗಳನ್ನು ಸೇರಿಸಿದಾಗ ಪುಸ್ತಕದಲ್ಲಿ ಸರ್ಕಾರದ ಚೌಕ ಇನ್ನೂ ಬಂದಿರಲಿಲ್ಲ.